ತಮಟೆಗೆ ಬೆಂಕಿ, ಡಿಸ್ಕಿಗೆ ನೆರಳು

ಮಾನ್ಯ ಓದುಗರೆ,

ವಿಷಯ: ಬಿಸಿಲಿಗೆ ಹಾರ್ಡ್ ಡಿಸ್ಕಿಗೆ ಮರೆವು ಬರುವುದೆಂಬ ನನ್ನ ಭಯದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ತಿ. ನರಸೀಪುರದ ಒಂದು ಕಚೇರಿಯಲ್ಲಿ ಪತ್ರ ಬರೆಯುವ ಗುಮಾಸ್ತೆ. ಪ್ರಬಂಧ ಬರೆಯುತ್ತಿರುವುದು ಇದೇ ಮೊದಲು. ‘ವಿಷಯ’ ಎಂದು ನಮೂದಿಸದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ, ಮನ್ನಿಸಬೇಕಾಗಿ ಕೋರಿಕೆ.

ನಮ್ಮಪ್ಪ ದೇವನೂರಿನ ಸುತ್ತಮುತ್ತ ತಮಟೆ ಬಾರಿಸಿ ಸರ್ಕಾರದ ಸುದ್ದಿ ಸಾರುತ್ತಿದ್ದವರು. ಆ ಕಾಲದಲ್ಲಿ ಅವರನ್ನು ಯಾರೂ ಜಗುಲಿಗೆ ಕರೆಯುತ್ತಿರಲಿಲ್ಲ. ಅವರ ದನಿ ಮಾತ್ರ ಅಡುಗೆಮನೆಯವರೆಗೂ ಹೋಗುತ್ತಿತ್ತು. ಈಗ ಗಂಟಲಿನ ಕಾಯಿಲೆಯಿಂದ ಆ ದನಿ ಹೋಗಿ, ಗೊಗ್ಗರು ಮಾತಷ್ಟೇ ಉಳಿದಿದೆ. ಕಾಯಿಲೆಗೆ ಮುಂಚೆ ನಾನು ಧ್ವನಿಮುದ್ರಿಸಿ ಹಿಡಿದಿಟ್ಟ ಅವರ ಒಂದೇ ಒಂದು ಸಾರಾಟ ಹಾರ್ಡ್ ಡಿಸ್ಕಿನಲ್ಲಿದೆ. ಬೇರೆಲ್ಲೂ ಇಲ್ಲ.

ಹೀಗಿರುವಾಗ, ಬೇಸಿಗೆಯ ಒಂದು ಮಧ್ಯಾಹ್ನ ಓದಬಾರದ್ದನ್ನು ಓದಿದೆ. ಡಿಸ್ಕಿನ ಒಳಗಿನ ತಟ್ಟೆಯ ಮೇಲೆ ರಾಗಿಹಿಟ್ಟಿಗಿಂತಲೂ ಎಷ್ಟೋ ಸಣ್ಣನೆಯ ಅಯಸ್ಕಾಂತದ ಕಣಗಳಿರುತ್ತವಂತೆ. ಅವು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದೇ ಬರಹ. ಹೆಚ್ಚು ತುಂಬಬೇಕಾದರೆ ಕಣ ಚಿಕ್ಕದಾಗಬೇಕು. ಕಣ ತೀರಾ ಚಿಕ್ಕದಾದರೆ ಸುತ್ತಲಿನ ಶಾಖವೇ ಅದನ್ನು ಅಲುಗಾಡಿಸಿ ಮುಖ ತಿರುಗಿಸಿಬಿಡುತ್ತದೆ. ನಮ್ಮದು ಶೀಟಿನ ಮನೆ. ತಡಮಾಡದೆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ.

ಮಾರನೆಯ ದಿನ ಅದು ಅಲ್ಲಿರಲಿಲ್ಲ.

“ಅದ್ರೊಳ್ಗೆ ಬೆವ್ತೋಗ್ತದೆ ಕಣವ್ವ,” ಎಂದರು ಅವ್ವ. “ರಾಗಿ ವಾಡೇಲಿ ಮಡಗಿವ್ನಿ. ಉಳ ಬೀಳಾಕಿಲ್ಲ.”

ಕಾಳು ತುಂಬಿಡುವ ಆ ಮಣ್ಣಿನ ವಾಡೆಯಿಂದ ತೆಗೆದು, ರಾಗಿ ಒದರಿ, ನಂಜನಗೂಡಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೊಂಡೊಯ್ದೆ. ಅಂಗಡಿಯವರು ಡಿಸ್ಕಿನ ಅಂಚಿನಿಂದ ಒಂದು ರಾಗಿಕಾಳು ಎತ್ತಿ ನೋಡಿ, “ಮೇಡಂ, ನಮ್ಮೂರ ಬಿಸ್ಲಿಗೆಲ್ಲಾ ಇದು ಮರೆಯಲ್ಲ. ಕೆಳಗೆ ಬೀಳ್ಸಿದ್ರೆ ಮಾತ್ರ ಕಥೆ ಮುಗೀತು. ಇನ್ನೊಂದು ಕಾಪಿ ಇಟ್ಕೊಳಿ,” ಎಂದರು. ಹೊಸ ನಮೂನೆಯ ಡಿಸ್ಕುಗಳ ಬಗ್ಗೆಯೂ ಹೇಳಿದರು. ಅವುಗಳ ಕಣ ಸುಲಭಕ್ಕೆ ಬಗ್ಗದ ಹಟಮಾರಿ ಜಾತಿ. ಆದ್ದರಿಂದ ಲೇಸರಿನಿಂದ ಒಂದು ಚುಕ್ಕೆಯಷ್ಟು ಜಾಗವನ್ನು ಕ್ಷಣಮಾತ್ರ ಕಾಯಿಸಿ, ಆ ಬಿಸಿಯಲ್ಲೇ ಬರೆಯುತ್ತಾರೆ. ತಣ್ಣಗಾದ ಮೇಲೆ ಅದು ಹಿಡಿದದ್ದನ್ನು ಬಿಡುವುದಿಲ್ಲ.

ಇನ್ನೊಂದು ಡಿಸ್ಕಿಗೆ ಎರಡನೆಯ ಕಾಪಿ ಮಾಡಿಸಿಕೊಂಡು ಬಂದು ಅಪ್ಪನಿಗೆ ಸವಿಸ್ತಾರ ವರದಿ ಒಪ್ಪಿಸಿದೆ. ಅವರು ನಕ್ಕರು.

“ಇದೇನ್ ಒಸ ಇದ್ಯೆ? ಕಾಯಿಸ್ದೆ ಇದ್ರೆ ತಮಟೆ ಮಾತಾಡ್ತದಾ? ಅಲ್ಲ ಮಗ, ಎಲ್ಡು ಡಬ್ಬೀಲಿ ಮಡಗಿದ್ದೀಯೆ. ನಿನ್ ಗಂಟ್ಲಲ್ಲಿ ಏನ್ ಮಡಗಿದ್ದೀಯೆ?”

ಕಚೇರಿಯಲ್ಲಿ “ಸರ್” ಎನ್ನುವುದನ್ನೂ ಪಿಸುಮಾತಿನಲ್ಲಿ ಹೇಳುವವಳು ನಾನು. ಆದರೂ ಆ ಭಾನುವಾರ ಬೆಳಿಗ್ಗೆ ಗೋಡೆಯ ತಮಟೆ ಇಳಿಸಿದೆ. ಅಂಗಳದಲ್ಲಿ ಅಪ್ಪ ಹುಲ್ಲು ಹೊತ್ತಿಸಿ ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ನನ್ನ ಕೈಗಿತ್ತರು. ಡಿಸ್ಕಿನಲ್ಲಿದ್ದ ಸಾರಾಟವನ್ನೇ ಕೂಗಿದೆ: “ಕೇಳ್ರಪ್ಪೋ ಕೇಳಿ! ನಾಳೀಕೆ ನಾಲೇಲಿ ನೀರು ಬುಡ್ತಾರೆ!”

“ಆಡು ಅರಚ್ದಂಗಾಯ್ತು. ಇನ್ನೊಂದ್ಸಲ,” ಎಂದರು ಅಪ್ಪ.

ಎರಡನೆಯದೂ ಆಡಿನದೇ. ಬಿಡಬಾರದೆಂದು ನಿಶ್ಚಯಿಸಿ, ತಮಟೆಯನ್ನು ಮತ್ತೆ ಕಾಯಿಸಿ, ಹೊಟ್ಟೆಯಿಂದ ಕೂಗಿದೆ. ನಾಲ್ಕನೆಯ ಮನೆಯ ಬಾಗಿಲು ತೆರೆಯಿತು. ಅಲ್ಲಿನ ಅಜ್ಜಿ ಗುದ್ದಲಿ ಹಿಡಿದೇ ಹೊರಗೆ ಬಂದರು.

“ನಿಜ್ವೇನವ್ವ? ನಾಳೀಕೇ ಬುಡ್ತಾರಾ ನೀರ?”

ಓಡಿಹೋಗಿ ತಿದ್ದುಪಡಿ ಆದೇಶ ಹೊರಡಿಸಿ, ಕ್ಷಮೆ ಕೇಳಿ, ಬೈಸಿಕೊಂಡು ಬಂದೆ. ಅಪ್ಪ ಬೂದಿ ಕೆದಕುತ್ತಾ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು, ಹೊಗೆ ಎಂದರು. ನಾನೂ ಹಾಗೆಂದೇ ದಾಖಲಿಸಿಕೊಂಡೆ.

ಅಂದಿನಿಂದ ಪ್ರತಿ ಭಾನುವಾರ ತಮಟೆ ಕಾಯಿಸಿ ಕೂಗುತ್ತಿದ್ದೇನೆ. ಡಿಸ್ಕುಗಳೆರಡೂ ಬೀರುವಿನ ನೆರಳಿನಲ್ಲಿವೆ. ನನ್ನ ಗಂಟಲಿನಲ್ಲಿರುವ ಮೂರನೆಯ ಪ್ರತಿಯ ಬಗ್ಗೆ, ಕಚೇರಿಯಲ್ಲಿ ನಾನು ದಿನವೂ ನಕಲುಗಳ ಅಂಚಿನಲ್ಲಿ ಬರೆಯುವುದನ್ನೇ ಇಲ್ಲಿಯೂ ಬರೆದು ಸಹಿ ಹಾಕುತ್ತೇನೆ: ಮೂಲದೊಂದಿಗೆ ತಾಳೆ ನೋಡಲಾಗಿದೆ.