ಬಾಚಣಿಗೆಗೆ ಬಾಗುವ ತಲೆ

ಬೀದಿಯ ಕೊನೆಯ ಮರದ ಮಿಲ್ಲಿನಲ್ಲಿ ಗರಗಸ ಚೀರಲು ಶುರುವಾದಾಗ ಅವಳು ಎಚ್ಚೆತ್ತು ಬಹಳ ಹೊತ್ತಾಗಿತ್ತು. ಏಳುವುದೇ ಅವಳಿಗೊಂದು ಕೆಲಸ. ಮೊದಲು ಬೆರಳುಗಳನ್ನು ಮಡಿಸಿ ಬಿಚ್ಚಬೇಕು, ಆಮೇಲೆ ಮಂಡಿ, ಆಮೇಲೆ ಮಂಚದ ಅಂಚು ಹಿಡಿದು ಸೊಂಟ. ಮಗಳು ಕಣ್ಣು ಬಿಡುವಷ್ಟರಲ್ಲಿ ಒಲೆಯ ಮುಂದೆ ನೆಟ್ಟಗೆ ನಿಂತಿರಬೇಕು. ಮದುವೆಗೆ ಮುಂಚಿನಿಂದಲೂ ಹೀಗೇ ನಿಲ್ಲುತ್ತ ಬಂದಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ.

ಅವಳು ಇಸ್ತ್ರಿ ಮಾಡುವುದು ಸ್ವಂತ ಅಕ್ಕನ ಲಾಂಡ್ರಿಯಲ್ಲಿ. ಹೋಟೆಲುಗಳ ಹಾಸು ಹೊದಿಕೆಗಳು ಗಂಟುಗಂಟಾಗಿ ಬಂದು ಬೀಳುತ್ತವೆ. ಇಸ್ತ್ರಿ ಪೆಟ್ಟಿಗೆಯನ್ನು ಅವಳು ತೋಳಿನಿಂದ ತಳ್ಳುವುದಿಲ್ಲ. ಮೇಜಿಗೆ ಸೊಂಟ ಒತ್ತಿ ಮೈಭಾರವನ್ನೇ ಅದರ ಮೇಲೆ ಬಿಡುತ್ತಾಳೆ. ಹೊಸದಾಗಿ ಸೇರಿದವರು ಅದನ್ನು ಕೈಚಳಕವೆಂದುಕೊಂಡು ಕಲಿಯಲು ನೋಡುತ್ತಾರೆ.

ಅಕ್ಕತಂಗಿಯರ ತಾಯಿ ಮಾತ್ರ ಏಳುತ್ತಿರಲಿಲ್ಲ. ಹೊತ್ತೇರಿದರೂ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಮನೆಮಂದಿ ಅವಳಿಗಿಟ್ಟ ಹೆಸರು ಮಹಾರಾಣಿ. ಲಂಗ ಹಾಕುವ ವಯಸ್ಸಿನಲ್ಲೇ ಅಕ್ಕ ಒಲೆ ಹಚ್ಚಿ, ಬೇಯಿಸಿ, ತಂಗಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದಳು. ತಾನು ಶಾಲೆ ಬಿಟ್ಟಳು. ತಾಯಿ ತೀರಿಕೊಂಡರೂ ಅಕ್ಕನ ಸಿಟ್ಟು ಆರಿರಲಿಲ್ಲ.

ಈಗ ತಂಗಿಯ ಮಗಳ ಸರದಿ. ನರ್ಸಿಂಗ್ ಓದುವ ಹುಡುಗಿ. ವಾರ್ಡಿನಲ್ಲಿ ನಿಂತರೆ ಕಾಲು ಉರಿಯುತ್ತದೆ; ರಾತ್ರಿಯೆಲ್ಲ ಮಲಗೆದ್ದರೂ ಮೂಟೆ ಹೊತ್ತು ಬಂದವಳ ಸುಸ್ತು. ಇಬ್ಬರು ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂದಿದ್ದರು. ಕಾಲೇಜಿನವರು ಖಡಾಖಂಡಿತವಾಗಿ ಹೇಳಿದ್ದರು: ಕಾಯಿಲೆಯೆಂದು ಡಾಕ್ಟರು ಬರೆದುಕೊಟ್ಟರೆ ವಾರ್ಡಿನ ಪಾಳಿ ಸಡಿಲಿಸುತ್ತೇವೆ, ಇಲ್ಲದಿದ್ದರೆ ಈ ವಾರಕ್ಕೇ ಸೀಟು ಹೋಯಿತು. ಇವತ್ತು ನೋಡಬೇಕಿದ್ದದ್ದು ಮೂರನೆಯ ಡಾಕ್ಟರನ್ನು. ನಾಲ್ಕನೆಯವರ ಬಳಿ ಹೋಗಲು ಸಮಯವಿರಲಿಲ್ಲ.

ಅಕ್ಕನೇ ಲಾಂಡ್ರಿಯ ವ್ಯಾನ್ ತಂದಳು.

"ಚಿಕ್ಕ ಮಹಾರಾಣಿಯವರು ಬಾಗಿಲು ತಾವೇ ಹಾಕ್ಕೊಳ್ತಾರೋ, ಅದಕ್ಕೂ ಆಳು ಬೇಕೋ?"

"ಆಳು ಯಾಕೆ, ನೀವಿದೀರಲ್ಲ ದೊಡ್ಡಮ್ಮ," ಎಂದಳು ಹುಡುಗಿ. ನಗಲಿಲ್ಲ.

ಡಾಕ್ಟರಮ್ಮ ಹುಡುಗಿಯ ಕುತ್ತಿಗೆ, ಭುಜ, ಮೊಣಕೈಗಳನ್ನು ಒತ್ತಿ ನೋಡಿದರು. ಹಳೆಯ ವರದಿಗಳನ್ನು ಮಗುಚಿದರು.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ? ಮೈಕೈ ನೋವು, ಸುಸ್ತು, ವರ್ಷಗಟ್ಟಲೆ?"

"ಇಲ್ಲ," ಎಂದಳು ಅಕ್ಕ.

ಹಿಂದಿನ ಇಬ್ಬರು ಡಾಕ್ಟರು ಇದನ್ನೇ ಕೇಳಿದಾಗ ತಂಗಿಯೂ ಇಲ್ಲವೆಂದೇ ಹೇಳಿದ್ದಳು. ಸುಳ್ಳು ಹೇಳಿದೆನೆಂದು ಅವಳಿಗೆ ಅನಿಸಿರಲಿಲ್ಲ. ತಾಯಿಯದು ಸೋಮಾರಿತನ, ಕಾಯಿಲೆಯಲ್ಲ. ತಾನಂತೂ ದುಡಿಯುವವಳು. ದುಡಿಯುವವರ ಮೈ ನೋಯದೆ ಇರುತ್ತದೆಯೇ?

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. "ಪರೀಕ್ಷೆ ಹತ್ರ ಬಂದಾಗ ಕೆಲವು ಮಕ್ಕಳಿಗೆ..."

ಹುಡುಗಿಗೆ ಅರ್ಥವಾಯಿತು. ಕೆದರಿದ ಕೂದಲು ಸರಿಮಾಡಿಕೊಳ್ಳಲು ಚೀಲದಿಂದ ಬಾಚಣಿಗೆ ತೆಗೆದಳು. ಮೊಣಕೈ ಪಕ್ಕೆಗೆ ಅಂಟಿಯೇ ಇತ್ತು. ಕೈ ಮೇಲೇಳಲಿಲ್ಲ, ತಲೆಯೇ ಬಾಗಿ ಬಾಚಣಿಗೆಯ ಬಳಿ ಬಂತು.

ಹುಡುಗಿಯ ತಾಯಿ ನೋಡುತ್ತಿದ್ದಳು.

"ಡಾಕ್ಟ್ರೇ, ನಾನೂ ಹಾಗೇ ಬಾಚ್ಕೊಳ್ಳೋದು. ನಮ್ಮಮ್ಮನೂ."

"ನಮ್ಮನೆ ಹೆಣ್ಮಕ್ಕಳೆಲ್ಲ ಹಾಗೇ ಬಾಚೋದು," ಅಕ್ಕ ನಡುವೆ ಬಂದಳು. "ಅದು ಅಭ್ಯಾಸ, ಅಷ್ಟೇ."

"ನೀನು ಹಾಗೆ ಬಾಚಲ್ವಲ್ಲ ಅಕ್ಕ."

ಅಕ್ಕ ತಂಗಿಯ ಮುಖ ನೋಡಿದಳು.

"ಕೈ ಎತ್ತಿ ನೋಡೋಣ," ಎಂದರು ಡಾಕ್ಟರಮ್ಮ ತಾಯಿಯತ್ತ ತಿರುಗಿ. ಎತ್ತಿದ ಕೈ ಭುಜದ ಮಟ್ಟಕ್ಕೆ ಬಂದು ನಡುಗಿತು. "ಯಾವಾಗಿಂದ ಹೀಗೆ?"

"ಇವಳು ಹುಟ್ಟೋಕೂ ಮುಂಚಿಂದ."

"ಯಾರ ಹತ್ರಾನೂ ಹೇಳ್ಕೊಳ್ಳಲಿಲ್ವಾ?"

"ಹೇಳಿದ್ರೆ ನಾನೂ ಮಹಾರಾಣಿ ಆಗ್ತಿದ್ದೆ."

ಹುಡುಗಿ ತಾಯಿಯನ್ನೇ ದಿಟ್ಟಿಸಿದಳು. "ಹಾಗಾದ್ರೆ ಇದು ನಿನ್ನಿಂದ ನನಗೆ ಬಂದಿದ್ದಾ?"

ಆ ಪ್ರಶ್ನೆಗೇ ತಾಯಿ ಹೆದರಿದ್ದಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ.

"ಅಷ್ಟು ಖಚಿತವಾಗಿ ಹೇಳೋಕೆ ಬರಲ್ಲಮ್ಮ. ಇಂಥ ನೋವು, ಸುಸ್ತು ಕೆಲವು ಮನೆತನಗಳಲ್ಲಿ ಹೆಚ್ಚು ಕಾಣಿಸ್ಕೊಳ್ಳುತ್ತೆ. ಹಾಗಂತ ಎಲ್ಲರಿಗೂ ಬರಲೇಬೇಕು ಅಂತಿಲ್ಲ. ನೋಡು, ನಿಮ್ಮ ದೊಡ್ಡಮ್ಮಂಗೆ ಬಂದಿಲ್ಲ. ರಕ್ತದಲ್ಲಿ ಕಾಣಲ್ಲ ಅಂದ ಮಾತ್ರಕ್ಕೆ ನೋವೇ ಇಲ್ಲ ಅಂತಲೂ ಅಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದು ಕಾಲೇಜಿಗೆ ಬರೆಯತೊಡಗಿದರು. ತಾಯಿಯೂ ಬಂದು ತೋರಿಸಿಕೊಳ್ಳಬೇಕೆಂದರು.

ಹೊರಗೆ ಪಡಸಾಲೆಯಲ್ಲಿ ಹುಡುಗಿ ಆ ಕಾಗದ ಹಿಡಿದು ಮುಂದೆ ಹೋದಳು. ಅಕ್ಕ ತಂಗಿಯನ್ನು ತಡೆದು ನಿಲ್ಲಿಸಿದಳು.

"ಅಮ್ಮನ ಸೋಮಾರಿತನಕ್ಕೆ ಕಾಯಿಲೆ ಅಂತ ಹೆಸರಿಟ್ಟಿದ್ದಾಯ್ತು. ಹಾಗಾದ್ರೆ ನಾನು ಬೇಯಿಸಿ ಹಾಕಿದ್ದು, ಶಾಲೆ ಬಿಟ್ಟಿದ್ದು?"

"ಅದೂ ನಿಜ ಅಕ್ಕ."

"ಅವಳು ಹೋಗೋವಾಗ್ಲೂ ನಾನು ಮಾತಾಡಿಸ್ಲಿಲ್ಲ ಕಣೇ." ಅಕ್ಕ ವ್ಯಾನಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಆಮೇಲೆ ದನಿ ಗಟ್ಟಿಯಾಯಿತು. "ನಾಳೆಯಿಂದ ನಿಂದೇನು? ಇಸ್ತ್ರಿ ಮೇಜಿಗೆ ಬರ್ತೀಯೋ, ಮಲಗ್ತೀಯೋ? ಬೇರೆಯವರನ್ನ ನೋಡ್ಕೋಬೇಕಾದ್ರೆ ಈಗ್ಲೇ ಹೇಳ್ಬಿಡು."

ತಂಗಿ ಗೋಡೆಗೆ ಒರಗಿದಳು. ಅಕ್ಕನ ಎದುರು ಹಾಗೆ ಒರಗಿದ್ದು ಅದೇ ಮೊದಲು.

"ಬರ್ತೀನಿ. ಆದ್ರೆ ಇನ್ಮೇಲೆ ಕೂತ್ಕೊಂಡೇ ಮಾಡೋದು, ಮೇಜು ಸ್ವಲ್ಪ ತಗ್ಗಿಸ್ಬೇಕು. ದೊಡ್ಡ ಹೊದಿಕೆಗಳನ್ನ ನಾನೊಬ್ಬಳೇ ಎತ್ತಲ್ಲ, ಅದಕ್ಕೆ ಇನ್ನೊಬ್ಬರು..."

ಮೆಟ್ಟಿಲ ಮೇಲೆ ಹುಡುಗಿ ಕಂಬಿ ಹಿಡಿದು ನಿಂತುಬಿಟ್ಟಿದ್ದಳು, ಯಾರನ್ನೂ ಕರೆಯದೆ. ತಂಗಿ ಮಾತನ್ನು ಅಲ್ಲಿಗೇ ಬಿಟ್ಟು ಮಗಳತ್ತ ನಡೆದಳು.