ಖಾಲಿ ಚೀಲದ ತೂಕ

ಆಯುಧಪೂಜೆಯ ಮಧ್ಯಾಹ್ನ. ಮಗಳು ಸ್ಫೂರ್ತಿಗೆ ಖಾರ ಆಗದು ಎಂದು ಒಗ್ಗರಣೆಗೆ ಮುಂಚೆಯೇ ಒಂದು ಸೌಟು ಬೇಳೆ ತೆಗೆದಿಡುತ್ತಿದ್ದ ತನುಜಾಳ ಕೈ ಹಾಗೇ ನಿಂತಿತು. ಮನೆಯಲ್ಲಿ ದಿನವೂ ಮಾಡುವುದನ್ನೇ ನಿನ್ನೆ ಆಫೀಸಿನಲ್ಲಿ ಮರೆತಿದ್ದಳು.

ಕಡೂರಿನ ಬೆಳೆಗಾರರ ಸಂಘವೊಂದರಲ್ಲಿ ಅವಳ ಕೆಲಸ. ಎಲ್ಲ ಶಾಖೆಗಳ ಕಂಪ್ಯೂಟರಿಗೂ ಸೆಟ್ಟಿಂಗು ಹೋಗುವುದು ಅವಳ ಮೇಜಿನಿಂದಲೇ. ಕನ್ನಡ ಅಕ್ಷರಕ್ಕೊಂದು, ಪ್ರಿಂಟರಿಗೊಂದು, ತೂಕದ ಯಂತ್ರಕ್ಕೊಂದು ಎಂದು ಬೇರೆ ಬೇರೆ ಪ್ಯಾಕೇಜು ಕಟ್ಟಿ, ಯಾರಿಗೆ ಯಾವುದು ಬೇಕೋ ಅದನ್ನಷ್ಟೇ ಕಳಿಸುತ್ತಿದ್ದಳು. ನಿನ್ನೆ ಮಗುವಿಗೆ ಜ್ವರ, ಹೊರಡುವ ಆತುರ. ಒಟ್ಟು ತೂಕದಿಂದ ಗೋಣಿಚೀಲದ ತೂಕ ಕಳೆಯುವ ಸೆಟ್ಟಿಂಗನ್ನು ಎಲ್ಲರಿಗೂ ಹೋಗುವ ಪ್ಯಾಕೇಜಿನಲ್ಲೇ ತುರುಕಿದ್ದಳು. ಉಳಿದ ಕಡೆ ಕೊಬ್ಬರಿಯ ದಪ್ಪ ಗೋಣಿಚೀಲ, ತೊಂದರೆಯಿಲ್ಲ. ಅಮೃತಾಪುರದ ಶಾಖೆಯಲ್ಲಿ ಮಾತ್ರ ಅಡಿಕೆ, ಹಗುರ ಚೀಲ; ಅಲ್ಲೂ ಗೋಣಿಯಷ್ಟೇ ತೂಕ ಕಳೆದುಹೋಗುತ್ತದೆ. ನಾಳೆ ವಿಜಯದಶಮಿಯ ಮೊದಲ ತೂಕದಲ್ಲೇ ಒಬ್ಬೊಬ್ಬ ಬೆಳೆಗಾರರಿಗೂ ಅಡಿಕೆಯ ತೂಕ ಕಡಿಮೆ ಬೀಳುತ್ತದೆ.

ಲ್ಯಾಪ್‌ಟಾಪ್ ತೆರೆದು ಚೀಲದ ತೂಕವನ್ನು ಬೇರೆ ಪ್ಯಾಕೇಜು ಮಾಡಿ ಕಳಿಸಿದಳು. ಆದರೆ ಅಮೃತಾಪುರದ ಕಂಪ್ಯೂಟರು ಆಫ್ ಆಗಿತ್ತು. ಶಾಖೆ ನೋಡಿಕೊಳ್ಳುವ ಸೋಮಶೇಖರಪ್ಪನಿಗೆ ಫೋನು ಮಾಡಿದಳು.

"ಪೂಜೆಗೆ ಇಟ್ಟಿರೋದನ್ನ ಇವತ್ತು ಮುಟ್ಟಾಕಿಲ್ಲ ಕಣಮ್ಮ. ನಾಳೆ ಹೂವು ತೆಗೆದ ಮ್ಯಾಲೇ ಕಂಪ್ಯೂಟರು ಆನ್ ಮಾಡೋದು."

ಸಂಜೆಯೆಲ್ಲ ಅವಳು ಲ್ಯಾಪ್‌ಟಾಪ್ ತೆರೆಯುವುದು, ಮುಚ್ಚುವುದು. ಅದಾದರೂ ಹಬ್ಬ ಮಾಡಲಿ ಬಿಡು ಎಂದು ಅತ್ತೆ ವಿಮಲಮ್ಮ ರೇಗಿಸಿದರು. ನಗು ಬರಲಿಲ್ಲ.

ಬೆಳಿಗ್ಗೆ ಸೋಮಶೇಖರಪ್ಪನೇ ಫೋನು ಮಾಡಿದ. ಕಂಪ್ಯೂಟರು ಆನ್ ಮಾಡಿಯಾಗಿತ್ತು, ನೆಟ್‌ವರ್ಕ್ ತೆವಳುತ್ತಿದ್ದರಿಂದ ಹೊಸ ಪ್ಯಾಕೇಜು ಇನ್ನೂ ತಲುಪಿರಲಿಲ್ಲ, ಜನ ಚೀಲ ಇಳಿಸಿಕೊಂಡು ಕಾಯುತ್ತಿದ್ದರು. ಖಾಲಿ ಚೀಲವೊಂದನ್ನು ತೂಕಕ್ಕೆ ಇಡಿಸಿದಳು.

"ಸೊನ್ನೆಗಿಂತ ಕೆಳಗೆ ತೋರಿಸ್ತೈತೆ."

"ಹಂಗಾದ್ರೆ ತೂಗಬೇಡಿ. ನನ್ನಿಂದ ತಪ್ಪಾಗಿದೆ ಅಂತಾನೇ ಹೇಳಿ."

ಆತ ಫೋನು ಹಿಡಿದುಕೊಂಡೇ ಜನರ ಕಡೆ ತಿರುಗಿದ್ದು ಕೇಳಿಸಿತು. "ಕಂಪ್ಯೂಟರಮ್ಮ ಚೀಲದ ಲೆಕ್ಕ ತಪ್ಪಿಸವ್ರಂತೆ ಕಣ್ರಪ್ಪ, ಸರಿ ಮಾಡ್ತಾವ್ರೆ. ಅಷ್ಟ್ರಲ್ಲಿ ಕುಂಬಳಕಾಯಿ ಒಡೆದ್ಬಿಡಾಣ."

ಯಾರೋ ನಕ್ಕರು, ಯಾರೋ ಗೊಣಗಿದರು. ತನುಜಾ ಸ್ಫೂರ್ತಿಯನ್ನು ಕಂಕುಳಲ್ಲಿ ಎತ್ತಿಕೊಂಡು ಅಡುಗೆಮನೆಗೂ ನಡುಮನೆಗೂ ತಿರುಗಿದಳು. ಮಗು ಕಿವಿಯ ಫೋನಿಗೆ ಕೈ ಹಾಕುತ್ತಿತ್ತು. ಆ ಕಡೆ ಗಂಟೆ, ಆರತಿ, ಕುಂಬಳಕಾಯಿ ಒಡೆದ ಸದ್ದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಮೃತಾಪುರದ ಹೆಸರು ಹಸಿರಾಯಿತು; ಪ್ಯಾಕೇಜು ತಲುಪಿತ್ತು.

"ಇನ್ನೊಂದ್ಸಲ ಖಾಲಿ ಚೀಲ ಇಡಿ," ಎಂದಳು.

"ಸೊನ್ನೆ ಕಣಮ್ಮ. ಇನ್ನು ಅಡಿಕೆ ಇಡ್ಲಾ?"

"ಇಡಿ," ಎಂದು ಮಗುವನ್ನು ಕೆಳಗಿಳಿಸಿದಳು.