ಐದರಲ್ಲಿ ಒಂದು ಸಲ

ಡಿಪೋದಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಇಪ್ಪತ್ತಾರು ವರ್ಷ ಬಸ್ಸಿನ ಟಯರುಗಳಿಗೆ ಗಾಳಿ ತುಂಬಿಸಿ ತುಂಬಿಸಿ ಎಲ್ಲರ ಬಾಯಲ್ಲೂ ಗಾಳಿಯಪ್ಪನಾಗಿಬಿಟ್ಟಿದ್ದ. ಪಕ್ಕದ ಶೆಡ್ಡಿನ ಎಲೆಕ್ಟ್ರಿಷಿಯನ್ನನನ್ನು ಫ್ಯೂಸಣ್ಣ ಎನ್ನುತ್ತಿದ್ದರು. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಒಬ್ಬನ ಊಟದ ಡಬ್ಬಿಗೆ ಇನ್ನೊಬ್ಬ ಕೇಳದೆ ಕೈಹಾಕುವಷ್ಟು ಸಲಿಗೆ.

ಪೋಕರ್ ಹುಚ್ಚು ಹಚ್ಚಿದವನು ಫ್ಯೂಸಣ್ಣ. ಮಧ್ಯಾಹ್ನದ ಬಿಡುವಿನಲ್ಲಿ ಹಳೇ ಬ್ಯಾಟರಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಐದಾರು ಜನ ಸುತ್ತ ಕೂರುತ್ತಿದ್ದರು. ಪಣಕ್ಕೆ ತುಕ್ಕು ಹಿಡಿದ ವಾಷರುಗಳು. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಆ ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಂಡವನು ಗೆದ್ದ. ಯಾವ ಎರಡು ಎಲೆ ಬಂದರೆ ಆಡಬೇಕು, ಯಾವುದು ಬಂದರೆ ಸುಮ್ಮನೆ ಕೆಳಗಿಡಬೇಕು ಎಂದು ತೋರಿಸುವ ಚಾರ್ಟೊಂದನ್ನು ಫ್ಯೂಸಣ್ಣ ತನ್ನ ಲಾಕರಿನ ಬಾಗಿಲಿಗೆ ಅಂಟಿಸಿಕೊಂಡಿದ್ದ.

“ಇದನ್ನ ಒಂದ್ಸಲ ನೋಡೋ ಮಾರಾಯ,” ಎಂದರೆ ಗಾಳಿಯಪ್ಪ ನಗುತ್ತಿದ್ದ. “ಮಗ್ಗಿ ಬಾಯಿಪಾಠ ಮಾಡೋಕೆ ನಾನೇನು ಮೂರನೇ ಕ್ಲಾಸಾ? ಎಲೆ ಬಂತಾ, ಆಡಿದೆ, ಅಷ್ಟೇ!”

ಹಾಗೆ ಬಂದದ್ದನ್ನೆಲ್ಲ ಆಡಿ, ದಿನಾ ಎಲ್ಲರಿಗಿಂತ ಮೊದಲು ಬರಿಗೈಯಾಗುತ್ತಿದ್ದ.

ಒಂದು ದಿನ ಅವನ ಕೈಗೆ ಎರಡು ಎಕ್ಕ ಬಂದವು. ಅದಕ್ಕಿಂತ ದೊಡ್ಡ ಜೋಡಿಯೇ ಇಲ್ಲ. ಇದ್ದಬದ್ದ ವಾಷರುಗಳನ್ನೆಲ್ಲ ಮುಂದೆ ತಳ್ಳಿದ. ಫ್ಯೂಸಣ್ಣನೊಬ್ಬನೇ ಎದುರು ನಿಂತ. ಅವನದು ಎಂಟರ ಜೋಡಿ. ನಡುವಿನ ಮೊದಲ ನಾಲ್ಕು ಎಲೆ ಯಾರ ಉಪಯೋಗಕ್ಕೂ ಬರಲಿಲ್ಲ. ಐದನೆಯದು ಎಂಟು. ಫ್ಯೂಸಣ್ಣನಿಗೆ ಮೂರು ಎಂಟಾಗಿ, ಎಕ್ಕಗಳು ಸೋತವು.

ಗಾಳಿಯಪ್ಪನ ಪಿತ್ತ ನೆತ್ತಿಗೇರಿತು. “ಎಲೆ ಕಲೆಸಿದ್ದು ನೀನು, ಹಂಚಿದ್ದು ನೀನು. ಕೊನೇ ಎಲೆ ನಿನಗೆ ಬೇಕಾದದ್ದೇ ಬರತ್ತಾ? ಯಾರ ಕಿವಿ ಮೇಲೆ ಹೂ ಇಡ್ತೀಯ?”

“ಶುರುವಿಂದ ಲೆಕ್ಕ ಹಾಕು. ಐದ್ರಲ್ಲಿ ಒಂದ್ಸಲ ಹೀಗಾಗತ್ತೆ ಕಣೋ.”

“ಕಳ್ಳಾಟ ಆಡಿ ಲೆಕ್ಕ ಬೇರೆ ಹೇಳ್ತೀಯ!”

ಫ್ಯೂಸಣ್ಣ ವಾಷರುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿಟ್ಟು ಎದ್ದುಹೋದ. ಮರುವಾರ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡ. ಯಾರೋ ಅವನ ಲಾಕರಿನ ಮೇಲೆ ಸೀಮೆಸುಣ್ಣದಲ್ಲಿ ‘ಕೈಚಳಕ’ ಎಂದು ಬರೆದರು. ಅದನ್ನು ನೋಡಿ ಎಲ್ಲರ ಜೊತೆ ಗಾಳಿಯಪ್ಪನೂ ನಕ್ಕ.

ನಾಲ್ಕು ವರ್ಷ ಮಾತಿಲ್ಲ, ಕತೆಯಿಲ್ಲ. ಫ್ಯೂಸಣ್ಣ ನಿವೃತ್ತನಾದ ದಿನ ಗಾಳಿಯಪ್ಪ ರಜೆ ಹಾಕಿದ್ದ. ಮರುವರ್ಷ ತಾನು ನಿವೃತ್ತನಾಗುವಾಗ ಡಿಪೋದಲ್ಲಿ ಹಳೆಯ ಲಾಕರುಗಳನ್ನು ಗುಜರಿಗೆ ಹಾಕುತ್ತಿದ್ದರು. ಹೊಸದಾಗಿ ಬಂದಿದ್ದ ಸ್ಟೋರಿನವನು ಆ ಚಾರ್ಟನ್ನು ಕಿತ್ತು ತಂದುಕೊಟ್ಟ. “ನಿಮ್ಮ ಸ್ನೇಹಿತರದ್ದಂತೆ, ತಗೊಳ್ಳಿ ಸಾರ್.”

ಮನೆಯಲ್ಲಿ ಹೊತ್ತು ಹೋಗದೆ ಅದನ್ನು ಮೇಜಿನ ಮೇಲೆ ಹರಡಿದ. ಅಡ್ಡ ಹದಿಮೂರು, ಉದ್ದ ಹದಿಮೂರು ಚೌಕ. ಹಸಿರು ಆಡುವ ಎಲೆ, ಬಿಳಿ ಬಿಡುವ ಎಲೆ. ಮುಕ್ಕಾಲುಪಾಲು ಬಿಳಿಯೇ. ತಾನು ಆಡಿದ್ದು ಬಹುಪಾಲು ಬಿಳಿ ಚೌಕಗಳಲ್ಲೇ ಎಂದು ಅರ್ಥವಾಗಲು ಅವನಿಗೆ ಎರಡು ದಿನ ಹಿಡಿಯಿತು. ಅಂಚಿನಲ್ಲಿ ಫ್ಯೂಸಣ್ಣನ ಪುಟ್ಟ ಅಕ್ಷರ: ದೊಡ್ಡ ಜೋಡಿಗೆ ಎದುರು ಚಿಕ್ಕ ಜೋಡಿ, ಐದರಲ್ಲಿ ಒಂದು.

“ಇದು ನಿಜ ಇರಬಹುದೇನೇ?” ಎಂದು ಹೆಂಡತಿಯನ್ನು ಕೇಳಿದ.

“ನನ್ನ ಕೇಳಿದ್ರೆ? ಎಲೆ ಹಾಕಿ ನೋಡಿ,” ಎಂದು ಅವಳೇ ಎದುರು ಕೂತಳು.

ಎರಡು ಎಕ್ಕ ಒಂದು ಕಡೆ, ಎರಡು ಎಂಟು ಇನ್ನೊಂದು ಕಡೆ. ಉಳಿದದ್ದನ್ನು ಕಲೆಸಿ ಐದೈದು ಎಲೆ ಹಾಕುತ್ತ ಹೋದರು. ಅವಳು ಹಳೇ ಕ್ಯಾಲೆಂಡರಿನ ಹಿಂದೆ ಗೀಟು ಎಳೆಯುತ್ತಿದ್ದಳು. ಮೂರು ಮಧ್ಯಾಹ್ನ, ನೂರು ಆಟ. ಎಂಟರ ಜೋಡಿ ಹತ್ತೊಂಬತ್ತು ಸಲ ಗೆದ್ದಿತ್ತು. ಅದರಲ್ಲಿ ಎರಡು ಸಲ ಕೊನೆಯ ಎಲೆಯಲ್ಲೇ ಎಂಟು ಬಂದಿತ್ತು, ಅವನೇ ಕಲೆಸಿ ಅವನೇ ಹಾಕಿದ ಎಲೆಯಲ್ಲಿ.

ಅವನು ಕಟ್ಟನ್ನು ಕೆಳಗಿಟ್ಟು, ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಬೆನ್ನ ಮೇಲೆ ಕೈಯಿಟ್ಟಳು.

ಮರುದಿನವೇ ಹೋದ. ಫ್ಯೂಸಣ್ಣ ಬಾಗಿಲು ತೆರೆದ. “ಬನ್ನಿ, ಕೂತ್ಕೊಳ್ಳಿ,” ಎಂದ.

ಆ ‘ಬನ್ನಿ’ ಗಾಳಿಯಪ್ಪನ ಎದೆಗೆ ನಾಟಿತು. ತೊದಲುತ್ತಲೇ ಎಲ್ಲ ಹೇಳಿದ: ನೂರು ಆಟ, ಹತ್ತೊಂಬತ್ತು ಗೀಟು. “ನೀನು ಮೋಸ ಮಾಡಿರ್ಲಿಲ್ಲ ಕಣೋ. ತಪ್ಪಾಯ್ತು.”

ಫ್ಯೂಸಣ್ಣ ಟೀ ಲೋಟವನ್ನು ಅವನ ಕಡೆ ಸರಿಸಿದ. “ಲೆಕ್ಕ ಸರಿ ಬಂತು ಅಂತ ಬಂದ್ರಿ. ಗೀಟು ಐದೇ ಬಿದ್ದಿದ್ರೆ?”

ಗಾಳಿಯಪ್ಪ ಲೋಟ ಎತ್ತಿ ಮತ್ತೆ ಕೆಳಗಿಟ್ಟ.

“ಇಪ್ಪತ್ತೆರಡು ವರ್ಷ ಒಟ್ಟಿಗೆ ಊಟ ಮಾಡಿದ್ವಿ. ನನ್ನ ನಂಬೋಕೆ ನಿಮಗೆ ಇಸ್ಪೀಟೆಲೆ ಸಾಕ್ಷಿ ಬೇಕಾಯ್ತು ನೋಡಿ.” ದನಿಯಲ್ಲಿ ಸಿಟ್ಟಿರಲಿಲ್ಲ. “ಟೀ ಆರಿ ಹೋಗತ್ತೆ, ಕುಡೀರಿ.”

ಆಮೇಲೂ ಗಾಳಿಯಪ್ಪ ತಿಂಗಳಿಗೊಮ್ಮೆ ಹೋಗುತ್ತಿದ್ದ. ಫ್ಯೂಸಣ್ಣ ಒಂದು ಸಲವೂ ಬೇಡ ಎನ್ನಲಿಲ್ಲ. ಕೂರಿಸಿ, ಟೀ ಕೊಟ್ಟು, ಮಂಡಿನೋವು ಹೇಗಿದೆ ಎಂದು ವಿಚಾರಿಸಿ, ಗೇಟಿನವರೆಗೂ ಬಂದು ಕಳಿಸುತ್ತಿದ್ದ. ಮೂರು ವರ್ಷದ ನಂತರ ಅವನು ತೀರಿಕೊಳ್ಳುವವರೆಗೂ ಗಾಳಿಯಪ್ಪ ಅವನ ಬಾಯಲ್ಲಿ ‘ನೀವು’ ಆಗಿಯೇ ಉಳಿದ.